ಮೊಳೆ ಹೊಡೆದ ಕಿಟಕಿ

ನಾಂಚಾರಿಯನ್ನು ಪಿಚ್ಚಮ್ಮ ಮೊದಲು ಕಂಡದ್ದು ನೀಲಿ ಬಾನಿಯ ಹತ್ತಿರ. ಹೊಸ ಸೊಸೆ ಮನೆಗೆ ಬಂದ ಮರುದಿನ ಬೆಳಿಗ್ಗೆ ಬಾನಿಗೆ ಅರಿಶಿನ ಕುಂಕುಮವಿಟ್ಟು ಕೈಮುಗಿಯುವುದು ಭಾವನಾರಾಯಣಯ್ಯನವರ ಮನೆಯ ಪದ್ಧತಿ. ಬಟ್ಟೆಗೆ ಬಣ್ಣ ಹಾಕಲು ಕುತ್ತಿಗೆಯವರೆಗೂ ನೆಲದಲ್ಲಿ ಹೂತಿಟ್ಟ ದೊಡ್ಡ ಮಣ್ಣಿನ ಬಾನಿ. ಒಳಗೆ ನೀಲಿ, ಸುಣ್ಣ, ಬೇಯಿಸಿದ ತಗಚೆ ಬೀಜ ಎಲ್ಲ ಸೇರಿ ಹುಳಿತು ಹಳೆಯ ಕೆಸರಿನಂಥ ವಾಸನೆ ಹೊಡೆಯುತ್ತಿತ್ತು. ಹೊಸಬರು ಯಾರೇ ಬಂದರೂ ಸೆರಗು ಮೂಗಿಗೆ ಹೋಗುತ್ತದೆ. ಈ ಹುಡುಗಿಯದು ಹೋಗಲಿಲ್ಲ. ಅವಳು ಬಗ್ಗಿ, ಮುಚ್ಚಳ ಎತ್ತಿ, ಒಳಗೆ ಇಣುಕಿದಳು.

"ಮುಚ್ಚು! ಮುಚ್ಚು ಮೊದ್ಲು!" ಎಂದು ಮಾವ ಕೂಗಿದ ಕೂಗಿಗೆ ಅವಳ ಕೈಯಲ್ಲಿದ್ದ ಕುಂಕುಮದ ಬಟ್ಟಲು ಕೆಳಗೆ ಬಿತ್ತು.

ಪಿಚ್ಚಮ್ಮ ಆ ಮನೆಯಲ್ಲಿ ಅಚ್ಚಿನ ಬಟ್ಟೆ ಬೇಯಿಸಿ, ಕಾಲುವೆಯಲ್ಲಿ ಒಗೆದು, ಏರಿಯ ಮೇಲೆ ಒಣಗಿಸುವವಳು. ಗಂಡ ಇದ್ದಾಗ ಅವನು ಅಚ್ಚೊತ್ತುತ್ತಿದ್ದ, ಇವಳು ಬೇಯಿಸುತ್ತಿದ್ದಳು. ಅವನು ಹೋದ ಮೇಲೂ ಬೇಯಿಸುವುದು ನಿಂತಿರಲಿಲ್ಲ. ಅವಳು ಬಟ್ಟಲು ಎತ್ತಿಕೊಟ್ಟು, "ಹೆದರ್ಬೇಡ ಅಮ್ಮಾಯಿ. ಬಾನಿ ಅಂದ್ರೆ ಅಣ್ಣಯ್ಯನಿಗೆ ಹಿರೇ ಹೆಂಡತಿ ಇದ್ದ ಹಾಗೆ. ಬೇರೆಯವರು ಮುಸುಕು ಎತ್ತಿದ್ರೆ ಸಹಿಸಲ್ಲ" ಅಂದಳು. ಹುಡುಗಿ ಕಿಸಕ್ಕನೆ ನಕ್ಕಳು. ಭಾವನಾರಾಯಣಯ್ಯನವರೂ ತಮ್ಮ ಕೂಗಿಗೆ ತಾವೇ ನಾಚಿಕೊಂಡವರಂತೆ, ಸೊಸೆಗೆ ತೋರಿಸೋಣವೆಂದು ಒಂದು ತುಂಡು ಬಟ್ಟೆಯನ್ನು ಬಾನಿಗೆ ಅದ್ದಿ ತೆಗೆದರು.

ಬಟ್ಟೆ ಹೊರಗೆ ಬಂದಾಗ ಗಿಳಿಹಸಿರು. ಗಾಳಿಗೆ ಹಿಡಿದರೆ ಅಂಚಿನಿಂದ ಶುರುವಾಗಿ ನಿಧಾನಕ್ಕೆ ನೀಲಿ.

"ಒಳಗಿದ್ದಾಗಲೇ ಯಾಕೆ ನೀಲಿ ಆಗಲ್ಲ ಮಾವಯ್ಯ?" ಎಂದು ನಾಂಚಾರಿ ಕೇಳಿದಳು.

ಆ ಮನೆಯಲ್ಲಿ ಅಂಥ ಪ್ರಶ್ನೆಯನ್ನು ಮುದುಕರಿಗೆ ಯಾರೂ ಎಂದೂ ಕೇಳಿರಲಿಲ್ಲ. ಹೆತ್ತ ಮಗ ಆಂಜನೇಯುಲು ಕೂಡ ಕೇಳಿರಲಿಲ್ಲ. ಅವರ ಮುಖ ಅರಳಿತು. "ಗಾಳಿ ಅಮ್ಮಾಯಿ, ಗಾಳಿ. ಗಾಳಿ ತಾಗಿದ್ರೇ ನೀಲಿ. ಒಳಗೆ ಗಾಳಿ ಇಲ್ಲ, ಅದಕ್ಕೇ ಬಾನಿ ಬದುಕಿದೆ. ಮುಚ್ಚಳ ತೆಗೆದಿಟ್ರೆ ಗಾಳಿ ಹೊಕ್ಕು, ಮೇಲಿಂದ ಕೆಳಗಿನವರೆಗೂ ನೀಲಿಯಾಗಿ, ಬಾನಿ ಸತ್ತೇ ಹೋಗುತ್ತೆ" ಅಂದರು.

ಮಾವ ಹೇಳಿದ್ದನ್ನು ಸೊಸೆ ತಲೆಯಾಡಿಸಿ ಕೇಳಿಸಿಕೊಂಡಳು. ಮುಂದೊಂದು ದಿನ ಇದೇ ಮಾತಿನ ಜೊತೆ ಹಣಾಹಣಿ ಮಾಡಬೇಕಾಗುತ್ತದೆ ಎಂದು ಅವಳಿಗೇನು ಗೊತ್ತು?

ಚೊಚ್ಚಲ ಬಾಣಂತನ ಗುಡಿವಾಡದ ತವರಿನಲ್ಲಿ ಆಯಿತು. ಗಂಡು ಮಗು. ಹಾಲು ಕುಡಿಯುವಾಗ ಸ್ವಲ್ಪ ಬೆವರುತ್ತಾನೆ ಎನ್ನುವುದು ಬಿಟ್ಟರೆ ಅಲ್ಲಿ ಯಾರಿಗೂ ಏನೂ ಕಾಣಲಿಲ್ಲ. ಐದನೆಯ ತಿಂಗಳಿಗೆ ನಾಂಚಾರಿ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಬಂದಳು. ಭಾವನಾರಾಯಣಯ್ಯನವರಿಗೆ ಆಂಜನೇಯುಲುವಿಗಿಂತ ಮುಂಚೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಆ ಹೆದರಿಕೆಗೆ ಅವರು ಮೊಮ್ಮಗನನ್ನು ಒಳಗೆ ಕರೆದುಕೊಳ್ಳುವ ಮೊದಲು ಉಂಡು ಬಿಸಾಡಿದ ಎಲೆಗಳ ಮೇಲೆ ಒಂದು ಗಳಿಗೆ ಮಲಗಿಸಿ, 'ಪುಲ್ಲಯ್ಯ' ಎಂದು ಹೆಸರಿಟ್ಟರು. ಎಂಜಲೆಲೆಯಂಥವನು, ಯಾರ ಕಣ್ಣಿಗೂ ಬೇಡದವನು ಎಂದು. ಕೊಂಡೊಯ್ಯುವ ದೇವರು ಕೂಡ ಇದೇನು ಕಸ ಎಂದು ಮುಂದೆ ಹೋಗಲಿ ಎನ್ನುವುದು ಅವರ ಲೆಕ್ಕಾಚಾರ.

ಕೂಸಿಗೆ ನೀರು ಹಾಕುವವಳು ಪಿಚ್ಚಮ್ಮ. ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುವಾಗ ಬೆರಳ ಉಗುರು ಕಂಡಳು. ಎಲ್ಲ ಉಗುರೂ ತೆಳು ನೀಲಿ.

"ಅಣ್ಣಯ್ಯಾ! ಕೈ ತೊಳ್ಕೊಂಡು ಕೂಸು ಮುಟ್ಟಿ ಅಂದ್ರೆ ಕೇಳಲ್ವಲ್ಲ ನೀವು! ನೋಡಿ, ಈಗಲೇ ಅದ್ದಿಬಿಟ್ಟಿದ್ದೀರಿ ಮೊಮ್ಮಗನ್ನ."

ಮನೆಯವರೆಲ್ಲ ನಕ್ಕರು. ಮುದುಕರ ಕೈ ಮೊಣಕೈವರೆಗೂ ನೀಲಿ, ಆ ಮನೆಯಲ್ಲಿ ಬಾಗಿಲ ಚಿಲಕವೂ ನೀಲಿ, ಉಪ್ಪಿನ ಜಾಡಿಯ ಮುಚ್ಚಳವೂ ನೀಲಿ. ಪಿಚ್ಚಮ್ಮ ಕೊಬ್ಬರಿ ಎಣ್ಣೆ ಹಾಕಿ ಒರೆಸಿದಳು. ಮಜ್ಜಿಗೆ ಹಾಕಿ ತಿಕ್ಕಿದಳು. ಹೋಗಲಿಲ್ಲ. ಮುದುಕರು ಕೂಸನ್ನು ಮುಟ್ಟುವುದನ್ನೇ ಬಿಟ್ಟು ದೂರ ಕೂತು ನೋಡಿದರು. ಆಗಲೂ ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಸಿವಿಗೆ ಅತ್ತಾಗ ತುಟಿ, ನಾಲಿಗೆ ಎಲ್ಲ ನೇರಳೆ ಹಣ್ಣು ತಿಂದ ಹಾಗೆ ಆಯಿತು. ಆ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ.

ಭಾವನಾರಾಯಣಯ್ಯನವರು ಬಾನಿಯಿಂದ ತೆಗೆದ ಬಟ್ಟೆಯನ್ನು ನೋಡುವ ಹಾಗೆ, ಕಣ್ಣು ಕಿರಿದು ಮಾಡಿಕೊಂಡು ಕೂಸನ್ನೇ ನೋಡಿದರು. ಸುಮ್ಮನಿದ್ದಾಗ ಬಣ್ಣ ಕಡಿಮೆ, ಬಾಯಿ ತೆರೆದು ಅತ್ತಾಗ ಜಾಸ್ತಿ. ಗುಡಿವಾಡದಲ್ಲಿ ಇರಲಿಲ್ಲ, ಸಮುದ್ರದ ಗಾಳಿ ಬೀಸುವ ಈ ಊರಿಗೆ ಬಂದ ಮೇಲೆ ಬಂತು.

"ಗಾಳಿ," ಅಂದರು. "ಅಳುವಾಗ ಗಾಳಿ ನುಂಗ್ತಾನೆ. ಒಳಗೆಲ್ಲ ಗಾಳಿ ತಾಗ್ತಿದೆ. ಮುಚ್ಚಿಡ್ಬೇಕು."

ಅಂದೇ ಬಾಣಂತಿ ಕೋಣೆಯ ಕಿಟಕಿಗೆ ಹಲಗೆ ಇಟ್ಟು ಮೊಳೆ ಹೊಡೆದರು. ಹಲಗೆಯ ಸಂದಿಗಳಿಗೆ ಹತ್ತಿ ತುರುಕಿದರು, ಒಂದೊಂದು ಸಂದಿಗೂ ತಮ್ಮ ಬೆರಳಿನಿಂದಲೇ. ಬಾಗಿಲಿಗೆ ದಪ್ಪ ಕಂಬಳಿ ಬಂತು. ಕೋಣೆ ಒದ್ದೆಯಾಗಬಾರದೆಂದು ಎರಡು ಹೊತ್ತು ಸಾಂಬ್ರಾಣಿ ಹೊಗೆ. ಮುದುಕರು ಬಾನಿ ಬಿಟ್ಟು ತೊಟ್ಟಿಲ ಪಕ್ಕ ಬೆವರಿಳಿಸುತ್ತ ಕೂತರು. ಬೀಸಣಿಗೆಯನ್ನು ಅವರೇ ಅಡಕಲ ಮೇಲೆ ಎಸೆದಿದ್ದರು. ಪಿಚ್ಚಮ್ಮನಿಗೂ ಆಗ ಅದು ಸರಿ ಎಂದೇ ತೋರಿತು. ಬಾನಿ ಕೆಲಸ ಮಾಡುವವರಿಗೆ ಬೇರೆ ಇನ್ನೇನು ತೋರೀತು?

ನಾಂಚಾರಿಗೆ ತೋರಲಿಲ್ಲ. ಪಿಚ್ಚಮ್ಮನನ್ನು ಅವಳು ಪಿನ್ನಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು. "ಪಿನ್ನಿ, ಈ ಕೋಣೇಲಿ ನನಗೇ ಉಸಿರು ಕಟ್ಟುತ್ತೆ, ಅವನಿಗೆ ಕಟ್ಟಲ್ವಾ?" ಎಂದು ಕೇಳಿದಳು. ಗಂಡನನ್ನು ಎಳೆದುಕೊಂಡು ಬಂದರು ಪಟ್ಟಣದ ಮಕ್ಕಳ ಡಾಕ್ಟರಮ್ಮನ ಹತ್ತಿರ ಹೊರಟಳು. ಮುದುಕರು ತಾವೂ ಬರುತ್ತೇವೆಂದು ಕೂಸಿಗೆ ಎರಡು ಕಂಬಳಿ ಸುತ್ತಿ ಬಸ್ಸು ಹತ್ತಿದರು. ಪಿಚ್ಚಮ್ಮ ಹಾಲಿನ ಬಾಟಲಿ ಹಿಡಿದುಕೊಂಡಳು.

ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ಇನ್ನೊಂದು ಕೋಣೆಗೆ ಕಳಿಸಿ ಎದೆಯ ಚಿತ್ರ ತೆಗೆಸಿದಳು. "ಹೃದಯದಲ್ಲಿ ಎರಡು ಕೋಣೆ ಮಧ್ಯದ ಗೋಡೇಲಿ ತೂತಿದೆ. ಶ್ವಾಸಕೋಶಕ್ಕೆ ರಕ್ತ ಹೋಗೋ ದಾರಿ ಸಣ್ಣದು. ಹಾಗಾಗಿ ರಕ್ತಕ್ಕೆ ಗಾಳಿ ಸಾಲ್ತಿಲ್ಲ. ಗಾಳಿ ಸಿಕ್ಕ ರಕ್ತ ಕೆಂಪಗಿರುತ್ತೆ, ಸಿಗದೇ ಇದ್ರೆ ಹೀಗೆ ನೀಲಿ. ಆಪರೇಷನ್ ಮಾಡಿಸ್ಬೇಕು. ಬೆಜವಾಡದ ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೀನಿ, ಸರ್ಕಾರದ ಕಾರ್ಡಿನಲ್ಲಿ ಆಗುತ್ತೆ. ತಡ ಮಾಡ್ಬೇಡಿ. ಒಂದೊಂದು ಸಲ ನೀಲಿ ಏರಿದ್ದು ಇಳಿಯದೇ ಹೋಗ್ಬಹುದು."

"ನೀವು ಉಲ್ಟಾ ಹೇಳ್ತಿದ್ದೀರಿ ಡಾಕ್ಟರಮ್ಮಾ," ಅಂದರು ಭಾವನಾರಾಯಣಯ್ಯ. "ಗಾಳಿ ಸಿಕ್ಕಿದ್ದೇ ನೀಲಿ ಆಗೋದು." ಎರಡು ಅಂಗೈಯನ್ನೂ ಮೇಜಿನ ಮೇಲೆ ಚಾಚಿ ತೋರಿಸಿದರು.

ಹೊರಗೆ ಅಳುವ ಮಕ್ಕಳ ಸಾಲೇ ಇತ್ತು. "ತಾತಾ, ಬಟ್ಟೆ ಬೇರೆ, ಮಗು ಬೇರೆ. ನೀವು ಬಟ್ಟೆ ನೋಡ್ಕೊಳ್ಳಿ, ಮಗೂನ ನಮಗೆ ಬಿಡಿ" ಎಂದು ಡಾಕ್ಟರಮ್ಮ ಮುಂದಿನವರನ್ನು ಕರೆದಳು.

ಮುದುಕರು ಮನೆಗೆ ಬಂದವರೇ ಸುತ್ತಿಗೆ ಹುಡುಕಿ, ಹಲಗೆಗೆ ಇನ್ನೂ ನಾಲ್ಕು ಮೊಳೆ ಹೊಡೆದರು.

ಬೆಜವಾಡದ ಆಸ್ಪತ್ರೆಯವರು ಕೂಸನ್ನು ನೋಡಿ ದಿನ ಗೊತ್ತು ಮಾಡಿದರು. ಅಲ್ಲಿಯ ನರ್ಸೊಬ್ಬಳು ನಾಂಚಾರಿಗೆ ಒಂದು ಉಪಾಯ ಹೇಳಿಕೊಟ್ಟಳು. ನೀಲಿ ಏರಿದಾಗ ಕೂಸಿನ ಮಂಡಿ ಮಡಚಿ ಎದೆಗೆ ಒತ್ತಿ ಹಿಡಿಯಬೇಕು, ಹೆದರಬಾರದು, ಕೂಸನ್ನು ಹೆದರಿಸಲೂ ಬಾರದು. ಇನ್ನೊಂದು ಮಾತೂ ಹೇಳಿದಳು. ಆಪರೇಷನ್ ದಿನ ಕೆಮ್ಮು, ನೆಗಡಿ, ಜ್ವರ ಏನೂ ಇರಕೂಡದು.

ಮುಚ್ಚಿದ ಕೋಣೆ, ಬೆವರು, ಸಾಂಬ್ರಾಣಿ ಹೊಗೆ. ಕೆಮ್ಮು ಇರದೆ ಹೇಗಿದ್ದೀತು? ಮೊದಲ ಸಲ ಹೋದಾಗ ಎದೆಯಲ್ಲಿ ಕಫ ಇದೆ ಎಂದು ವಾಪಸು ಕಳಿಸಿದರು. ಎರಡನೆಯ ಸಲವೂ ಅದೇ. ಎರಡು ಸಲವೂ ಮನೆಗೆ ಬಂದಾಗ ಮುದುಕರು, "ಬಸ್ಸಿನ ಕಿಟಕೀಲಿ ಗಾಳಿ ಹೊಡೆಸಿದ್ದೀರಿ, ಮತ್ತೆ ಕಫ ಆಗದೆ?" ಎಂದು ಹೊಗೆ ಇನ್ನಷ್ಟು ಹಾಕಿದರು.

"ಮಾವಯ್ಯ, ಹೊಗೆಯಿಂದ್ಲೇ ಕೆಮ್ಮು. ಒಂದು ವಾರ ಆ ಹಲಗೆ ತೆಗೀರಿ, ಸಾಕು."

"ತೆಗೀತೀನಿ. ಬಾನಿ ಮುಚ್ಚಳಾನೂ ಒಂದು ವಾರ ತೆಗೆದಿಡ್ತೀನಿ. ಎರಡರಲ್ಲಿ ಯಾವುದು ಉಳಿಯುತ್ತೋ ನೋಡೋಣ."

ನಾಂಚಾರಿ ಗಂಡನ ಕಡೆ ತಿರುಗಿದಳು. ಆಂಜನೇಯುಲು ಅಪ್ಪನಿಗೂ ತಲೆಯಾಡಿಸಿದ, ಹೆಂಡತಿಗೂ ತಲೆಯಾಡಿಸಿದ. "ನಿನ್ನ ಕತ್ತಿಗೆ ಎಣ್ಣೆ ಚೆನ್ನಾಗಿ ಬಿಟ್ಟಿದ್ದಾರೆ ಕಣೋ, ಯಾವ ಕಡೆಗೆ ಬೇಕಾದ್ರೂ ಆಡುತ್ತೆ," ಎಂದು ಪಿಚ್ಚಮ್ಮ ಬೈದಳು. ಅದಕ್ಕೂ ಅವನು ತಲೆಯಾಡಿಸಿದ.

ಒಂದು ಮಧ್ಯಾಹ್ನ ಮುದುಕರು ಉಣ್ಣಲು ಎದ್ದಾಗ ನಾಂಚಾರಿ ಅಡುಗೆಮನೆಯ ಈಳಿಗೆ ಮಣೆಯ ತುದಿಯಿಂದ ಹಲಗೆ ಕೀಳಲು ನೋಡಿದಳು. ಒಂದು ಮೊಳೆ ಅಲ್ಲಾಡಿತು ಅಷ್ಟೆ. ಸಂಜೆ ಅದು ಮತ್ತೆ ಬಿಗಿಯಾಗಿತ್ತು.

ಮೂರನೆಯ ಸಲ ಆಪರೇಷನ್ ಕೋಣೆಯ ಬಾಗಿಲವರೆಗೂ ಹೋಗಿದ್ದರು. ಕೂಸಿಗೆ ಹಸಿರು ಅಂಗಿ ಕೂಡ ತೊಡಿಸಿ ಆಗಿತ್ತು. ಕೊನೆಗೆ ಕಂಕುಳಲ್ಲಿ ಜ್ವರದ ಕಡ್ಡಿ ಇಟ್ಟವರು ತಲೆ ಅಲ್ಲಾಡಿಸಿ, ಅಂಗಿ ಬಿಚ್ಚಿಸಿ, ಕೂಸನ್ನು ಅಮ್ಮನ ಕೈಗೆ ಕೊಟ್ಟರು. ಕೆಮ್ಮು ಜ್ವರ ಪೂರ್ತಿ ಹೋದ ಮೇಲೆ ಬನ್ನಿ ಅಂದರು.

ಆ ದಿನ ನಾಂಚಾರಿ ಬಸ್ಸಿಳಿದು ಮನೆಗೆ ಹೋಗಲಿಲ್ಲ. ನೇರ ಕಾಲುವೆ ಏರಿಗೆ ಬಂದು, ಪಿಚ್ಚಮ್ಮ ಹಾಸಿದ್ದ ಒದ್ದೆ ಬಟ್ಟೆಗಳ ನಡುವೆ, ಗಾಳಿಗೆ ಎದುರಾಗಿ ಕೂತಳು. ಕೂಸಿನ ಕಂಬಳಿ ಬಿಚ್ಚಿ ಪಕ್ಕಕ್ಕೆ ಹಾಕಿದಳು.

"ಏನಾಯ್ತೇ ಅಮ್ಮಾಯಿ?"

"ಏನೂ ಆಗ್ಲಿಲ್ಲ ಪಿನ್ನಿ. ಅದೇ ಆಗಿದ್ದು."

ದಾರಿಯ ಆಯಾಸಕ್ಕೋ ಹಸಿವಿಗೋ ಕೂಸು ಅಳಲು ಶುರು ಮಾಡಿತು. ಅಳು ಏರಿತು, ನೀಲಿ ಏರಿತು. ತುಟಿ, ಮೂಗಿನ ತುದಿ, ಕಿವಿ. ಹಿಂದೆ ಎಂದೂ ಇಷ್ಟು ಏರಿದ್ದನ್ನು ಪಿಚ್ಚಮ್ಮ ನೋಡಿರಲಿಲ್ಲ. ಅಳು ನಿಂತು ಬರೀ ಏದುಸಿರಾಯಿತು, ಕಣ್ಣು ಮೇಲಕ್ಕೆ ಹೋಯಿತು. ನಾಂಚಾರಿ ಕೂಸನ್ನು ತೊಡೆಯ ಮೇಲೆ ಮಲಗಿಸಿ, ಎರಡೂ ಮಂಡಿ ಮಡಚಿ ಎದೆಗೆ ಒತ್ತಿ ಹಿಡಿದಳು. ಬಾಯಲ್ಲಿ ಏನೋ ಗುನುಗುತ್ತಲೇ ಇದ್ದಳು, ಕೈ ಮಾತ್ರ ಕಲ್ಲಿನಂತೆ ಅಲುಗಲಿಲ್ಲ. ಪಿಚ್ಚಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ನಿಂತಳು. ಒದ್ದೆ ಬಟ್ಟೆಗಳು ಪಟಪಟ ಬಡಿಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಕೂಸಿನ ಎದೆ ನಿಧಾನವಾಗಿ ಏಳತೊಡಗಿತು. ಕಿವಿಯಿಂದ ನೀಲಿ ಇಳಿಯಿತು. ಆಮೇಲೆ ಮೂಗಿನಿಂದ, ಆಮೇಲೆ ತುಟಿಯಿಂದ.

ಅಷ್ಟರಲ್ಲಿ ಭಾವನಾರಾಯಣಯ್ಯನವರು ಕಂಬಳಿ ಹಿಡಿದು ಓಡಿ ಬಂದಿದ್ದರು. ಏರಿಯ ಕೆಳಗೆ ನಿಂತು ಎಲ್ಲ ನೋಡಿದ್ದರು.

ಪಿಚ್ಚಮ್ಮನಿಗೆ ಆಸೆ ಬಂತು. "ನೋಡಿದ್ರಲ್ಲ ಅಣ್ಣಯ್ಯಾ? ಇಷ್ಟು ಗಾಳೀಲಿ ಕೂತೂ ನೀಲಿ ಇಳೀತು. ಗಾಳೀದು ತಪ್ಪಲ್ಲ. ಈಗಾದ್ರೂ ಆ ಹಲಗೆ ಕೀಳಿ."

"ನೋಡಿದೆ," ಅಂದರು ಮುದುಕರು. "ಕಣ್ಣಾರೆ ನೋಡಿದೆ. ಮಂಡಿ ಒತ್ತಿ, ಒಳಗೆ ಹೊಕ್ಕಿದ್ದ ಗಾಳೀನ ಹಿಂಡಿ ತೆಗೆದಳು. ಗಾಳಿ ಹೊರಗೆ ಹೋಯ್ತು, ನೀಲಿ ಇಳೀತು. ನಾನು ಹೇಳಿದ್ದೂ ಅದೇ ಅಲ್ವಾ?" ಎಂದು ಮೇಲೆ ಹತ್ತಿ, ಕೂಸಿಗೆ ಕಂಬಳಿ ಸುತ್ತತೊಡಗಿದರು.

ಪಿಚ್ಚಮ್ಮ ಕಲ್ಲಿನ ಹತ್ತಿರ ಹೋಗಿ, ಒಗೆದಾಗಿದ್ದ ಬಟ್ಟೆಯನ್ನೇ ಮತ್ತೆ ಎತ್ತಿ ಎತ್ತಿ ಒಗೆದಳು.

ಮರುದಿನ ಬೆಳಿಗ್ಗೆ ನಾಂಚಾರಿ ಚೀಲ ಕಟ್ಟಿದಳು. "ಗುಡಿವಾಡಕ್ಕೆ ಹೋಗ್ತೀನಿ. ಅಲ್ಲೇ ಇದ್ದು ಕೆಮ್ಮು ಹೋದ ಮೇಲೆ ಹಾಗೇ ಬೆಜವಾಡಕ್ಕೆ ಕರ್ಕೊಂಡು ಹೋಗ್ತೀನಿ."

ಮುದುಕರು ಹೊಸಿಲಿಗೆ ಅಡ್ಡ ನಿಂತರು. "ನಿಮ್ಮಮ್ಮನ ಮನೆಗೆ ಒಂದು ಬಾಗಿಲೂ ನೆಟ್ಟಗಿಲ್ಲ. ಬರೀ ಗಾಳಿ ಮನೆ ಅದು."

"ಅದಕ್ಕೇ ಹೋಗ್ತಿರೋದು ಮಾವಯ್ಯ."

"ನನ್ನ ಎರಡು ಕೂಸು ಹೋದಾಗ ನೀನು ಇರ್ಲಿಲ್ಲ ಅಮ್ಮಾಯಿ. ಎರಡೂ ಕೊನೇಗೆ ನೀಲಿಯಾಗೇ ಹೋಗಿದ್ದು. ಆಗ ಮುಚ್ಚಿಡ್ಬೇಕು ಅಂತ ನನಗೆ ತಿಳೀಲಿಲ್ಲ. ಈಗ ತಿಳಿದೂ ಸುಮ್ನಿರ್ಲಾ?"

ನೀಲಿಯಾಗಿ ಹೋದ ಸಂಗತಿಯನ್ನು ಅವರು ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಾಂಚಾರಿ ಬಗ್ಗಿ ಅವರ ಕಾಲು ಮುಟ್ಟಿದಳು. ಮುದುಕರು ಹರಸಲು ಕೈ ಎತ್ತಿದಾಗ ಹೊಸಿಲಲ್ಲಿ ಜಾಗವಾಯಿತು, ಅವಳು ಕೂಸಿನೊಂದಿಗೆ ದಾಟಿ ಹೋದಳು. ಚೀಲ ಪಿಚ್ಚಮ್ಮ ಹೊತ್ತಳು. ಆಟೋ ಹೊರಡುವ ಹೊತ್ತಿಗೆ ಆಂಜನೇಯುಲು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದು, ಯಾರಿಗೂ ತಲೆಯಾಡಿಸದೆ, ಹೆಂಡತಿಯ ಪಕ್ಕ ಹತ್ತಿ ಕೂತ.

ಗುಡಿವಾಡದ ಗಾಳಿ ಮನೆಯಲ್ಲಿ ಕೆಮ್ಮು ಹೋಯಿತು. ಬೆಜವಾಡದಲ್ಲಿ ಆಪರೇಷನ್ ಆಯಿತು. ಇಡೀ ಹಗಲು ಹಿಡಿಯಿತಂತೆ. ಆ ಹಗಲೆಲ್ಲ ಭಾವನಾರಾಯಣಯ್ಯನವರು ಮುಚ್ಚಿದ ಬಾನಿಯ ಮುಂದೆ ಕೂತಿದ್ದರು. ಪಿಚ್ಚಮ್ಮ ಮಜ್ಜಿಗೆ ತಂದಿಟ್ಟಳು, ಅದು ಹಾಗೇ ಹುಳಿಯಾಯಿತು.

ಮರುದಿನ ಆಂಜನೇಯುಲು ಫೋನಿನಲ್ಲಿ ಕೂಸನ್ನು ತೋರಿಸಿದ. ಎದೆಗೆ ಪಟ್ಟಿ, ಮೂಗಿಗೆ ನಳಿಗೆ. ತುಟಿ ಮಾತ್ರ ಕೆಂಪು ಸೀಬೆಹಣ್ಣಿನ ಒಳಗಿನ ಹಾಗೆ. ಉಗುರೂ ಹಾಗೇ. ಆ ಕೂಸಿಗೆ ಅಂಥ ಬಣ್ಣ ಇದೆ ಎಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಪಿಚ್ಚಮ್ಮ ಸೆರಗಿನಿಂದ ಫೋನನ್ನು ಒರೆಸಿ ಮತ್ತೆ ನೋಡಿದಳು.

ಮುದುಕರು ಫೋನನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದರು. ಕಣ್ಣಲ್ಲಿ ನೀರಿತ್ತು. "ಅದು ಯಾವ ಕೋಣೆಯೋ?" ಎಂದು ಮಗನನ್ನು ಕೇಳಿದರು.

"ಆಪರೇಷನ್ ಆದವರನ್ನ ಇಡೋ ಕೋಣೆ ಅಪ್ಪಾ. ನಮ್ಮನ್ನೂ ಒಳಗೆ ಬಿಡಲ್ಲ. ಗಾಜಿನಾಚೆಯಿಂದ ತೋರಿಸ್ತಿದ್ದೀನಿ."

"ಕಿಟಕಿ?"

"ಕಿಟಕಿ ಇಲ್ಲ."

ಭಾವನಾರಾಯಣಯ್ಯನವರು ಪಿಚ್ಚಮ್ಮನ ಕಡೆ ತಿರುಗಿದರು. "ಕೇಳಿದ್ಯಾ ಪಿಚ್ಚಮ್ಮಾ? ಕಿಟಕಿ ಇಲ್ವಂತೆ. ಗಾಜು ಹಾಕಿ ಮುಚ್ಚಿಟ್ಟಿದ್ದಾರೆ. ಅದಕ್ಕೇ ಕೆಂಪಾಗಿದೆ. ದೊಡ್ಡ ಡಾಕ್ಟರಿಗೆ ತಿಳಿದಿದೆ ನೋಡು, ಬಂದರಿನವಳಿಗೆ ತಿಳೀಲಿಲ್ಲ."

ಪಿಚ್ಚಮ್ಮ ಮೂರು ವಾರ ಅವರ ಜೊತೆ ಮಾತು ಬಿಟ್ಟಳು. ನಾಲ್ಕನೆಯ ವಾರ ಇಕ್ಕುಳ ತಂದು ತಾನೇ ಹಲಗೆಯ ಮುಂದೆ ನಿಂತಳು. ಆಶ್ಚರ್ಯವೆಂದರೆ ಮುದುಕರು ತಡೆಯಲಿಲ್ಲ. "ನಿನಗ್ಯಾಕೆ ತೊಂದರೆ, ಕೊಡು ಇಲ್ಲಿ," ಎಂದು ಇಕ್ಕುಳ ಇಸಿದುಕೊಂಡು ಒಂದೊಂದೇ ಮೊಳೆ ಕಿತ್ತರು. ಹಲಗೆ ಬಿಚ್ಚಿದರು. ಹತ್ತಿ ತೆಗೆದರು. ಕೋಣೆಯ ಒಳಗೆ ಬೆಳಕು ಬಿತ್ತು, ಕಾಲುವೆಯ ಕಡೆಯಿಂದ ಗಾಳಿ ಬಂತು. ಪಿಚ್ಚಮ್ಮ ಸಮಾಧಾನದಿಂದ ಮನೆಗೆ ಹೋಗಿ ಎರಡು ತುತ್ತು ಹೆಚ್ಚೇ ಉಂಡಳು.

ಮಾರನೆಯ ದಿನ ಬಂದು ನೋಡಿದರೆ ಬಂದರಿನಿಂದ ಗಾಜಿನವನು ಬಂದಿದ್ದ. ಕಿಟಕಿಯ ಅಗಲಕ್ಕೂ ಒಂದೇ ಗಾಜು, ತೆಗೆಯಲು ಬಾರದ ಹಾಗೆ ಸುತ್ತಲೂ ಮೆತ್ತಿ ಕೂರಿಸಿದ್ದ. ಗೋಡೆಗೆ ಹೊಸ ಸುಣ್ಣ, ತೊಟ್ಟಿಲಿಗೆ ಹೊಸ ಹಗ್ಗ. ಮುದುಕರು ಗಾಜನ್ನು ಪಂಚೆಯ ತುದಿಯಿಂದ ಉಜ್ಜುತ್ತಿದ್ದರು. "ಥೇಟ್ ಆಸ್ಪತ್ರೇಲಿದ್ದ ಹಾಗೇ ಮಾಡಿಸಿದ್ದೀನಿ. ಕೂಸಿಗೆ ಕಾಲುವೆ ಕಾಣುತ್ತೆ, ಬಟ್ಟೆ ಒಣಗೋದು ಕಾಣುತ್ತೆ. ಇನ್ನು ಬರೋಕೆ ಹೇಳು."

ಪಿಚ್ಚಮ್ಮ ಕಿಟಕಿಯ ಮುಂದೆ ನಿಂತೇ ಇದ್ದಾಗ ಗುಡಿವಾಡದಿಂದ ಫೋನು ಬಂತು. ಕೂಸು ಈಗ ಗಟ್ಟಿಯಾಗಿ ಅಳುತ್ತಾನೆ, ಅತ್ತರೆ ಮುಖ ಕೆಂಪಾಗುತ್ತದೆ, ಬೋರಲು ಬಿದ್ದು ತೆವಳುತ್ತಾನೆ ಎಂದು ನಾಂಚಾರಿ ಹೇಳಿದಳು. ಅವಳ ಮಾತಿನ ಹಿಂದೆ ಅವನ ಕೂಗು ಕೇಳಿಸುತ್ತಿತ್ತು. ಮಾವಯ್ಯ ಉಣ್ಣುತ್ತಾರಾ ಎಂದು ವಿಚಾರಿಸಿದಳು. ಆಮೇಲೆ, "ಆ ಹಲಗೆ ತೆಗೆದ್ರಂತೆ, ಇವರು ಹೇಳಿದ್ರು. ನಿಜಾನಾ?" ಅಂದಳು.

"ನಿಜ. ಅವರೇ ತೆಗೆದ್ರು. ಮೊಳೆ ಒಂದೂ ಇಲ್ಲ."

ಪಿಚ್ಚಮ್ಮ ಬೆರಳಿನಿಂದ ಗಾಜನ್ನು ತಳ್ಳಿ ನೋಡಿದಳು. ಅಲುಗಲಿಲ್ಲ. ಆಚೆ ಏರಿಯ ಮೇಲೆ ಬಟ್ಟೆಗಳು ಸದ್ದಿಲ್ಲದೆ ಹಾರುತ್ತಿದ್ದವು.

ನಾಂಚಾರಿ ಮತ್ತೆ ಆ ಮನೆಯಲ್ಲಿ ಬಂದು ಇರಲಿಲ್ಲ. ಆಂಜನೇಯುಲು ಗುಡಿವಾಡದಲ್ಲೇ ಬಟ್ಟೆ ಅಂಗಡಿಗೆ ಸೇರಿದ. ಅವನ ಫೋನು ಬಂದರೂ ಅಪ್ಪನಿಗೆ ಬರುತ್ತದೆ. ಹಾಗಾಗಿ ಅವಳು ಪಿಚ್ಚಮ್ಮನನ್ನು ಕೇಳಿದ ಕೊನೆಯ ಮಾತು ಎಂದರೆ ಅಂದು, ಕೂಸಿನ ಕೂಗಿನ ನಡುವೆ, ಬಹಳ ಮೆತ್ತಗೆ ಕೇಳಿದ್ದೇ.

"ಗಾಳಿ ಬರುತ್ತಾ ಪಿನ್ನಿ?"